ನಂಬರ್ ಒಂದೂರಲ್ಲಿ, ಅದರ ಅರ್ಥ ಇನ್ನೊಂದೂರಲ್ಲಿ!

(1/5)
ಫೋಟೋದಲ್ಲಿರೋದು ಕೂಡ್ಲಿ. ಶಿವಮೊಗ್ಗ ದಾಟಿ ಬರೋ ತುಂಗೆ, ಭದ್ರಾವತಿ ದಾಟಿ ಬರೋ ಭದ್ರೆ, ಎರಡೂ ಇಲ್ಲಿ ಸೇರ್ತವೆ. ನದಿಗಳು ಸಲೀಸಾಗಿ ಸೇರಿದ್ವು. ಸೇರದೇ ಇದ್ದದ್ದು ನಮ್ಮ ಎರಡು ಎಕ್ಸೆಲ್ ಫೈಲು 🤦🏽

ಪ್ರಾಜೆಕ್ಟಿಗೆ ಅಂತ ಮಳೆಗಾಲ ಪೂರ್ತಿ ಒಂದು ಟೀಮ್ ತುಂಗೆ, ಇನ್ನೊಂದು ಟೀಮ್ ಭದ್ರೆ ಅಳೀತು: ಉಷ್ಣಾಂಶ, ಪಿಎಚ್, ಕರಗಿದ ಆಮ್ಲಜನಕ. ಕೊನೆಗೆ ನೋಡಿದ್ರೆ ಆಮ್ಲಜನಕ ಒಂದು ಫೈಲಲ್ಲಿ 7.4, ಇನ್ನೊಂದರಲ್ಲಿ 92! ಒಂದು ಲೀಟರಿಗೆ ಮಿಲಿಗ್ರಾಂ, ಇನ್ನೊಂದು ಶೇಕಡಾವಾರು. ಆ ಮಾತು ಬರೆದಿದ್ದು ಎಲ್ಲಿ? ವಾಟ್ಸಾಪ್ ಗ್ರೂಪಲ್ಲಿ. ಚಾಟ್ ಡಿಲೀಟ್ ಆಗಿ ತಿಂಗಳಾಗಿತ್ತು.

(2/5)
ಡೇಟಾ ಏನು ಹೇಳ್ತಿದೆ ಅಂತ ತಿಳಿಸೋ ಮಾಹಿತಿನೇ ಮೆಟಾಡೇಟಾ. "ಬೇರೆ ರೀಡ್‌ಮಿ ಫೈಲಲ್ಲಿ ಬರೆದಿಟ್ರಾಯ್ತು ಬಿಡು" ಅನ್ನೋರಿಗೆ ನನ್ನ ಜಗಳ ಇಷ್ಟೇ: ಪೆನ್‌ಡ್ರೈವ್‌ನಲ್ಲಿ ಡೇಟಾ ಹೋಗುತ್ತೆ, ರೀಡ್‌ಮಿ ಹಿಂದೇನೇ ಉಳಿಯುತ್ತೆ.

1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಹಾಳಾಗಿದ್ದು ಯಾಕೆ ಗೊತ್ತಾ? ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿದ್ದನ್ನ ಇನ್ನೊಂದು ನ್ಯೂಟನ್ ಅಂತ ಓದಿಕೊಳ್ತು. ಮಂಗಳನ ಹತ್ರ ಹೋಗಿ ನೌಕೆನೇ ಕಳೆದುಹೋಯ್ತು.

(3/5)
ಯೂನಿಟ್ ಬರೆದ್ರೆ ಮುಗೀತಾ? ಇಲ್ಲ ಮಾರಾಯ್ರೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡ್ಕೊಳ್ಳುತ್ತೆ, 30 ಡಿಗ್ರಿಗೆ ಸುಮಾರು 7.5 ಅಷ್ಟೇ. ಅದೇ 7.4 ಬಿಸಿ ನೀರಲ್ಲಿ ಭರ್ತಿ, ತಣ್ಣೀರಲ್ಲಿ ಕೊರತೆ! ಹಾಗಾಗಿ ಆಮ್ಲಜನಕ, ಉಷ್ಣಾಂಶ, "ಈ ಅಳತೆ ನಂಬಬಹುದಾ" ಅನ್ನೋ ಗುರುತಿನ ಕಾಲಂ, ಮೂರೂ ಸಂಬಂಧಿಕರು. ಈ ಸಂಬಂಧ ಬರೆಯೋದು ಎಲ್ಲಿ?

ಹವಾಮಾನ ವಿಜ್ಞಾನಿಗಳು ಇದಕ್ಕೆ ದಾರಿ ಮಾಡಿದಾರೆ. ನೆಟ್‌ಸಿಡಿಎಫ್ ಫೈಲುಗಳಿಗಿರೋ ಸಿಎಫ್ ನಿಯಮದಲ್ಲಿ ಯೂನಿಟ್ ಆಯಾ ವೇರಿಯಬಲ್ ಮೇಲೇನೇ ಇರುತ್ತೆ. "ನನ್ನ ಗುರುತು ಆ ಹೆಸರಿನ ವೇರಿಯಬಲ್‌ನಲ್ಲಿದೆ" ಅಂತ ಮುಖ್ಯ ವೇರಿಯಬಲ್ಲೇ ಹೇಳುತ್ತೆ. ಅದಕ್ಕೆ ಆನ್ಸಿಲರಿ ವೇರಿಯಬಲ್ಸ್ ಅಂತ ಹೆಸರು. 1 ಅಂದ್ರೆ ಸರಿ, 2 ಅಂದ್ರೆ ಅನುಮಾನ ಅನ್ನೋ ವಿವರ ಮಾತ್ರ ಗುರುತಿನ ಮೇಲೆ. ಇಡೀ ಫೈಲಿಗೆ ಸೇರಿದ್ದು ಫೈಲಿನ ತಲೆಯಲ್ಲಿ. ಒಂದು ಮಾತು, ಒಂದೇ ಜಾಗ.

(4/5)
"ತಪ್ಪು ತಿದ್ದೋಕೆ ಎಲ್ಲಾ ಫೈಲೂ ತೆಗೀಬೇಕಲ್ಲ, ಒಂದೇ ಪಟ್ಟಿ ಇದ್ರೆ ಸುಲಭ" ಅಂತೀರಾ? ನಿಜ, ಹುಡುಕೋಕೆ ಪಟ್ಟಿ ಬೇಕು. ಆದ್ರೆ ಪಟ್ಟಿ ಫೈಲಿಂದ ಹುಟ್ಟಬೇಕು, ಮೂಲ ಫೈಲಲ್ಲೇ ಇರಬೇಕು. ಎರಡು ಕಡೆ ಕೈಯಲ್ಲಿ ಬರೆದ್ರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ಹೇಳ್ತವೆ. ಸಿಎಸ್‌ವಿನಲ್ಲಿ ಜಾಗ ಇಲ್ವಾ? ಕಾಲಂ ಹೆಸರಲ್ಲೇ ಯೂನಿಟ್ ಸೇರಿಸಿ, ಮೇಲೆ ನಾಲ್ಕು ಸಾಲು ವಿವರ ಬರೀರಿ.

ಪೇಪರ್‌ನವರು ಭದ್ರಾ ಡ್ಯಾಮ್ ಬರೀ "186" ಅಂತ ಹಾಕ್ತಾರಾ? 186 ಅಡಿ, ಇಷ್ಟು ಟಿಎಂಸಿ, ಇಷ್ಟು ಕ್ಯೂಸೆಕ್ ಅಂತಾರೆ. ಬೆಳಗಿನ ಪೇಪರಿಗಿರೋ ಶಿಸ್ತು ಸೈನ್ಸ್ ಓದೋ ನಮಗಿಲ್ಲ 🙏🏽

(5/5)
ಇದು ಮಾರ್ಕ್ಸ್ ವಿಷಯ ಅಲ್ಲ. ಶಿವಮೊಗ್ಗ ಕುಡಿಯೋದು ತುಂಗೆ, ಭದ್ರಾವತಿ ಕುಡಿಯೋದು ಭದ್ರೆ. ಮುಂದಿನ ಬ್ಯಾಚ್ "ನೀರು ಕೆಟ್ಟಿದೆಯಾ?" ಅಂತ ಹೋಲಿಸೋಕೆ ನಮ್ಮ ನಂಬರ್ ಬೇಕು. ಯೂನಿಟ್ ಆದ್ರೂ ಊಹಿಸಬಹುದು. ಯಾವ ಅಳತೆ ಅನುಮಾನದ್ದು ಅಂತ ಗೊತ್ತಿಲ್ಲದ ಸಾಲುಗಳನ್ನ ನಾವು ಕಿತ್ತು ಹಾಕ್ಬೇಕಾಯ್ತು. ಆ ಮಳೆಗಾಲ ಮತ್ತೆ ಅಳೆಯೋಕೆ ಸಿಗಲ್ಲ.

ಇವತ್ತು ರಾತ್ರಿ ನಿಮ್ಮ ಪ್ರಾಜೆಕ್ಟ್ ಫೈಲ್ ತೆಗೀರಿ. ನೀವು ಪಕ್ಕದಲ್ಲಿಲ್ಲದೆ ಬೇರೆಯವರಿಗೆ ಅದು ಅರ್ಥ ಆಗುತ್ತಾ? ಇಲ್ಲ ಅಂದ್ರೆ ಮಲಗೋ ಮುಂಚೆ ಬರೆದುಬಿಡಿ. ವಾದ ಇದ್ರೆ ಕಾಮೆಂಟಲ್ಲಿ ಬನ್ನಿ 👇🏽

#ಕೂಡ್ಲಿ #ಶಿವಮೊಗ್ಗ #ಭದ್ರಾವತಿ #ಮೆಟಾಡೇಟಾ