ಟ್ರಿಪ್ ಹಾಳು ಮಾಡಿದ್ದು ಮಗು ಅಲ್ಲ

1/8
ಈ ಫೋಟೋದಲ್ಲಿ ನಮ್ಮ ಪುಟ್ಟಿಯ ಬೆನ್ನು ಮಾತ್ರ ಕಾಣುತ್ತೆ. ಮುಖ ಯಾಕಿಲ್ಲ ಅನ್ನೋದು ಏಳನೇ ಪೋಸ್ಟಲ್ಲಿದೆ, ಅಲ್ಲಿವರೆಗೂ ಓದಿ ಪ್ಲೀಸ್.

ಮೊನ್ನೆ ನಾನು ಹಾಕಿದ ಸ್ಟೋರಿ ನಿಮ್ಮಲ್ಲಿ ತುಂಬಾ ಜನ ನೋಡಿದ್ರಿ. ಸ್ಟಾಕ್‌ಹೋಮಿನ ವಾಸಾ ಮ್ಯೂಸಿಯಂ. ನೆಲದ ಮೇಲೆ ಬಿದ್ದು ಕೈಕಾಲು ಬಡಿದು ಅಳ್ತಾ ಇರೋ ನಾಲ್ಕು ವರ್ಷದ ಹುಡುಗಿ. ಮೇಲೆ ನನ್ನ ಬರಹ: ‘ಟ್ರಿಪ್ ಹಾಳು ಮಾಡುವುದು ಹೇಗೆ? ಪಾಠ ಮಾಡುವವರು ನಮ್ಮನೆ ಮೇಡಂ.’

ನಗುವ ಎಮೋಜಿಗಳ ಸುರಿಮಳೆ. ಆಮೇಲೆ ಬಂದ ರಿಪ್ಲೈಗಳು: ‘ಅದಕ್ಕೇ ನಾನು ಮದುವೇನೇ ಆಗಲ್ಲ.’ ‘ಇಂಥವ್ರನ್ನ ಅಜ್ಜಿ ಮನೇಲಿ ಬಿಟ್ಟು ಹೋಗ್ಬೇಕಿತ್ತು.’ ‘ಎರಡು ಬಿಟ್ರೆ ಸರಿಹೋಗ್ತಾಳೆ.’ ‘ಅಷ್ಟು ದುಡ್ಡು ಹಾಕಿ ಹೋಗಿ ಇದನ್ನ ನೋಡ್ಬೇಕಾ, ಪಾಪ ನೀನು.’

ಪಾಪ ನಾನು! ಎರಡು ಗಂಟೆ ಆದ್ಮೇಲೆ ಸ್ಟೋರಿ ಡಿಲೀಟ್ ಮಾಡಿದೆ. ‘ಯಾಕೆ ತೆಗೆದೆ, ಚೆನ್ನಾಗಿತ್ತಲ್ಲ’ ಅಂತ ಕ್ಲಾಸಿನವರೇ ಎಷ್ಟೋ ಜನ ಕೇಳಿದ್ರಿ. ಉತ್ತರ ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ, ಅದಕ್ಕೆ ಎಂಟು. ನನ್ನ ವಾದ ಇಷ್ಟೇ: ಆ ದಿನ ಹಾಳಾಗಿದ್ದು ನಿಜ. ಹಾಳು ಮಾಡಿದ್ದು ದೊಡ್ಡವರು ಮೂರು ಜನ. ಅದರಲ್ಲಿ ನನ್ನ ಪಾಲು ಕಮ್ಮಿ ಏನಿಲ್ಲ.

2/8
ಲೆಕ್ಕ ಕೊಡ್ತೀನಿ, ಬಿಕಾಂ ಓದೋದಕ್ಕೆ ಇಷ್ಟಾದ್ರೂ ಉಪಯೋಗ ಆಗಲಿ.

ಅಕ್ಕ, ಭಾವ ಇರೋದು ಗೊಥೆನ್‌ಬರ್ಗ್‌ನಲ್ಲಿ. ರಜೆಗೆ ಅಂತ ನಾನು ಅವರ ಮನೆಗೆ ಹೋಗಿದ್ದೆ. ಅಲ್ಲಿಂದ ಮೂರು ಗಂಟೆ ಚಿಲ್ಲರೆ ಟ್ರೈನಲ್ಲಿ ಸ್ಟಾಕ್‌ಹೋಮ್‌ಗೆ ಹೋಗಿ ಮೂರು ದಿನ ಇರೋದು ಅಂತ ಪ್ಲಾನ್. ಪುಟ್ಟಿ ಹುಟ್ಟಿದ ಮೇಲೆ ಅಕ್ಕ ‘ಸುತ್ತಾಡೋಕೆ’ ಅಂತ ಹೊರಟಿದ್ದು ಇದೇ ಮೊದಲು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಲಿಸ್ಟ್ ಮಾಡಿದ್ದು ನಾನು. ಮೊದಲನೇ ದಿನಕ್ಕೇ ಹಳೇ ಊರು ಗಮ್ಲಾ ಸ್ತಾನ್, ಅರಮನೆ ಮುಂದೆ ಕಾವಲುಗಾರರ ಪಾಳಿ ಬದಲಾಗೋದು, ಸಿಟಿ ಹಾಲ್, ವಾಸಾ ಮ್ಯೂಸಿಯಂ, ಸ್ಕಾನ್ಸೆನ್, ಸಾಯಂಕಾಲ ದೋಣಿ. ಆರು ಐಟಂ. ಎಲ್ಲದಕ್ಕೂ ಸೇರಿ ಒಂದು ಪಾಸ್ ತಗೊಂಡಿದ್ವಿ. ಒಂದು ಕ್ರೋನಾ ಅಂದ್ರೆ ಎಷ್ಟೋ ರೂಪಾಯಿ. ಅಲ್ಲಿ ಒಂದು ಕಾಫಿ ಕುಡಿದ್ರೂ ಮನಸ್ಸಲ್ಲಿ ಗುಣಾಕಾರ ನಡೀತಾನೇ ಇರುತ್ತೆ. ‘ಪಾಸ್ ದುಡ್ಡು ವಸೂಲಾಗ್ಬೇಕು’ ಅನ್ನೋದೇ ಆ ದಿನದ ಮಂತ್ರ.

ಈಗ ಪುಟ್ಟಿಯ ಕಡೆಯಿಂದ ಅದೇ ದಿನ ನೋಡಿ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತು ದಾಟಿದ ಮೇಲೆ, ಹುಟ್ಟೋದು ಬೆಳಗಿನ ಜಾವ ಮೂರೂವರೆಗೆ. ‘ಸೂರ್ಯ ಮಲಗಿಲ್ಲ, ನಾನ್ಯಾಕೆ ಮಲಗ್ಲಿ’ ಅಂತ ಹಿಂದಿನ ರಾತ್ರಿ ಹನ್ನೊಂದರವರೆಗೂ ಕೂತಿದ್ಲು. ಬೆಳಗ್ಗೆ ನಾಲ್ಕೂವರೆಗೆ ಎದ್ದಳು. ತಿಂಡಿ ಅರ್ಧ. ಮಧ್ಯಾಹ್ನದ ನಿದ್ದೆ ಇಲ್ಲ. ಊಟ ಮೂರು ಗಂಟೆಗೆ. ತಳ್ಳುಗಾಡಿ ಹೋಟೆಲಲ್ಲೇ ಬಿಟ್ಟಿದ್ವಿ, ಯಾಕಂದ್ರೆ ‘ಗಾಡಿ ಇದ್ರೆ ಫೋಟೋ ಚೆನ್ನಾಗಿ ಬರಲ್ಲ ಅಕ್ಕ’ ಅಂದಿದ್ದು ನಾನೇ. ಗಮ್ಲಾ ಸ್ತಾನ್‌ನ ಕಲ್ಲು ಹಾಸಿನ ಬೀದಿಗಳಲ್ಲಿ ನಾಲ್ಕು ವರ್ಷದ ಕಾಲು ಎಷ್ಟು ಹೊತ್ತು ನಡೆಯುತ್ತೆ? ನೀವೇ ಹೇಳಿ.

ಅವಳು ನಾಲ್ಕು ಗಂಟೆಗೆ ಕುಸಿದಳು. ನಾನಾಗಿದ್ರೆ ಹನ್ನೆರಡಕ್ಕೇ ಕುಸೀತಿದ್ದೆ.

3/8
ಅವಳು ಬಿದ್ದು ಅತ್ತ ಜಾಗ ಯಾವುದು ಗೊತ್ತಾ? ವಾಸಾ ಹಡಗಿನ ಮುಂದೆ. ಆ ಹಡಗಿನ ಕತೆ ಕೇಳಿ.

1628ರ ಆಗಸ್ಟ್ 10. ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಯುದ್ಧನೌಕೆ, 64 ತೋಪು, ಮೈತುಂಬಾ ಕೆತ್ತನೆ. ಮೊದಲನೇ ಯಾನದಲ್ಲೇ, ಸುಮಾರು 1300 ಮೀಟರ್ ಹೋಗೋಷ್ಟರಲ್ಲಿ ಗಾಳಿಗೆ ವಾಲಿ ಮುಳುಗಿಹೋಯ್ತು. ಬಂದರು ಕಣ್ಣಳತೆ ದೂರದಲ್ಲೇ ಇತ್ತು. ಕಾರಣ ಸಿಂಪಲ್: ಮೇಲೆ ಭಾರ ಜಾಸ್ತಿ, ಕೆಳಗೆ ಸಾಲದು. ಗೊತ್ತಿರಲಿಲ್ವಾ? ಗೊತ್ತಿತ್ತು. ಹೊರಡೋದಕ್ಕೆ ಮುಂಚೆ 30 ಜನರನ್ನ ಡೆಕ್ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ರು. ಹಡಗು ತೂಗಾಡಿದ ರೀತಿಗೆ ಹೆದರಿ ಪರೀಕ್ಷೇನೇ ನಿಲ್ಲಿಸಿದ್ರು. ಆದ್ರೆ ರಾಜನಿಗೆ ಅರ್ಜೆಂಟ್ ಇತ್ತು. ಹಡಗು ಹೊರಟೇಬಿಡ್ತು. 333 ವರ್ಷ ನೀರಡಿ ಇದ್ದದ್ದನ್ನ 1961ರಲ್ಲಿ ಮೇಲೆತ್ತಿದ್ರು. ಈಗ ನಾವು ಟಿಕೆಟ್ ತಗೊಂಡು ನೋಡೋದು ಅದನ್ನೇ.

ಕಾಸ್ಟಿಂಗ್ ಕ್ಲಾಸಲ್ಲಿ ‘ಸಂಕ್ ಕಾಸ್ಟ್’ ಅಂತ ಓದಿದ್ದೀವಲ್ಲ? ಹೋದ ದುಡ್ಡು ಹೋಯ್ತು, ಮುಂದಿನ ನಿರ್ಧಾರಕ್ಕೆ ಅದನ್ನ ಎಳೆದು ತರಬಾರದು. ಪರೀಕ್ಷೆಲಿ ಬರೆದು ಮಾರ್ಕ್ಸ್ ತಗೊಂಡವಳು ನಾನು. ಅದೇ ನಾನು ಮುಳುಗಿದ ಹಡಗಿನ ಮುಂದೆ ನಿಂತು ‘ಪಾಸ್ ತಗೊಂಡಿದ್ದೀವಿ, ಇನ್ನೂ ಸ್ಕಾನ್ಸೆನ್ ಬಾಕಿ ಇದೆ, ಎದ್ದೇಳು’ ಅಂತ ಮಗು ಕೈ ಎಳೀತಾ ಇದ್ದೆ. ಅಂದಹಾಗೆ ಆ ಮ್ಯೂಸಿಯಂನಲ್ಲಿ 18 ವರ್ಷದವರೆಗೆ ಟಿಕೆಟ್ಟೇ ಇಲ್ಲ. ಅವಳ ಲೆಕ್ಕದಲ್ಲಿ ವಸೂಲಿ ಮಾಡೋಕೆ ಒಂದು ಪೈಸೆನೂ ಇರಲಿಲ್ಲ. ವಸೂಲಿ ಪೂರ್ತಿ ನಮ್ಮದು.

ಇನ್ನೊಂದು ವಿಷಯ. ವಾಸಾ ಮುಳುಗಿದ ಮೇಲೆ ವಿಚಾರಣೆ ನಡೀತು, ಯಾರಿಗೂ ಶಿಕ್ಷೆ ಆಗಲಿಲ್ಲ. ನಾವು ಅವರಿಗಿಂತ ಫಾಸ್ಟ್. ಐದೇ ನಿಮಿಷದಲ್ಲಿ ಅಪರಾಧಿ ಸಿಕ್ಕಳು, ವಯಸ್ಸು ನಾಲ್ಕು.

4/8
ಎರಡನೇ ದಿನ ಲಿಸ್ಟ್ ಹರಿದು ಹಾಕಿದ್ವಿ. ‘ಏನು ಮಾಡೋಣ’ ಅಂತ ಪುಟ್ಟಿಯನ್ನೇ ಕೇಳಿದ್ವಿ. ‘ದೋಣಿ’ ಅಂದ್ಲು.

ಸ್ಲುಸ್ಸೆನ್‌ನಿಂದ ಯೂರ್ಗೊರ್ಡೆನ್ ದ್ವೀಪಕ್ಕೆ ಫೆರ್ರಿ ಇದೆ, ಬಸ್ಸು ಮೆಟ್ರೋಗೆ ತಗೊಂಡ ಟಿಕೆಟ್ಟೇ ಸಾಕು. ಹದಿನಾಲ್ಕು ದ್ವೀಪದ ಮೇಲೆ ಕೂತಿರೋ ಊರು ಅದು, ಅಲ್ಲಿ ದೋಣಿನೂ ಒಂಥರಾ ಸಿಟಿ ಬಸ್ಸೇ. ಮೊದಲನೇ ದಿನ ಆರನೇ ಐಟಂ ಅಂತ ಇಟ್ಟುಕೊಂಡು ತಲುಪದೇ ಹೋದ ದೋಣಿ ಇಷ್ಟು ಸುಲಭಕ್ಕೆ ಸಿಕ್ತು.

ಆಮೇಲೆ ಯೂನಿಬಾಕೆನ್. 1996ರಲ್ಲಿ ಶುರುವಾದ ಮಕ್ಕಳ ಕತೆಗಳ ಮನೆ. ಪಿಪ್ಪಿ ಲಾಂಗ್‌ಸ್ಟಾಕಿಂಗ್ ಬರೆದ ಆಸ್ಟ್ರಿಡ್ ಲಿಂಡ್ಗ್ರೆನ್ ಅವರ ಕತೆಗಳ ಒಳಗೇ ಒಂದು ಪುಟ್ಟ ರೈಲು ಕರ್ಕೊಂಡು ಹೋಗುತ್ತೆ. ವಾಪಸ್ ಬರ್ತಾ ಟಿ-ಸೆಂಟ್ರಾಲೆನ್ ಮೆಟ್ರೋ ಸ್ಟೇಷನ್. ಬಂಡೆ ಕೊರೆದ ಗವಿ, ಬಿಳಿ ಚಾವಣಿ ಮೇಲೆ ನೀಲಿ ಬಳ್ಳಿ. ಪುಟ್ಟಿ ಅಲ್ಲೇ ಬೆಂಚ್ ಮೇಲೆ ಕೂತು ಬಳ್ಳಿ ಎಲೆ ಎಣಿಸೋಕೆ ಶುರು ಮಾಡಿದ್ಲು. ನಾಲ್ಕು ಟ್ರೈನ್ ಬಿಟ್ವಿ. ಇಡೀ ದಿನಕ್ಕೆ ಮೂರೇ ಜಾಗ, ಒಂದ್ಸಲನೂ ಅಳು ಇಲ್ಲ. ತಳ್ಳುಗಾಡಿ ಜೊತೇಲೇ ಇತ್ತು. ಫೋಟೋಗಳು ಚೆನ್ನಾಗೇ ಬಂದಿವೆ, ಸ್ವೈಪ್ ಮಾಡಿ ನೋಡಿ.

5/8
‘ಅಯ್ಯೋ ಅದು ಫಾರಿನ್, ಅವರ ಕಲ್ಚರೇ ಹಾಗೆ’ ಅಂತ ಹೇಳೋಕೆ ಬಾಯಿ ತೆರೆದವರಿಗೆ ಈ ಪೋಸ್ಟ್.

ಕಲ್ಚರ್ ಆಕಾಶದಿಂದ ಉದುರಲ್ಲ. ಅಲ್ಲಿ ಬಸ್ಸಿನ ಮಧ್ಯದ ಬಾಗಿಲಲ್ಲಿ ಮಕ್ಕಳ ಗಾಡಿ ಹತ್ತಿಸಬಹುದು, ಒಳಗೆ ಗಾಡಿ ನಿಲ್ಲಿಸೋಕೇ ಜಾಗ ಬಿಟ್ಟಿದ್ದಾರೆ. ಯಾರೋ ಕೂತು ಯೋಚನೆ ಮಾಡಿ ಬಸ್ ಹಾಗೆ ಮಾಡಿಸಿದ್ದಾರೆ. ಪಾರ್ಕಲ್ಲಿ ಮಧ್ಯಾಹ್ನದ ಹೊತ್ತಲ್ಲಿ ಅಪ್ಪಂದಿರು ಒಬ್ಬೊಬ್ಬರೇ ಗಾಡಿ ತಳ್ಕೊಂಡು ಓಡಾಡ್ತಾರೆ. ಅವರೆಲ್ಲ ಹುಟ್ಟಿನಿಂದ ಒಳ್ಳೆಯವರು ಅಂತಲ್ಲ. 1974ರಲ್ಲಿ ಸ್ವೀಡನ್ ತಾಯಿ ರಜೆಯನ್ನ ತೆಗೆದು ‘ಹೆತ್ತವರ ರಜೆ’ ಮಾಡ್ತು. ಈಗ ಒಂದು ಮಗುವಿಗೆ 480 ದಿನ, ಅದರಲ್ಲಿ ಒಬ್ಬೊಬ್ಬರಿಗೆ 90 ದಿನ ಮೀಸಲು. ಅಪ್ಪ ತನ್ನ 90 ದಿನ ತಗೊಳ್ಳಲಿಲ್ಲ ಅಂದ್ರೆ ಅದು ಅಮ್ಮನಿಗೂ ಹೋಗಲ್ಲ, ದಂಡ! ನಮ್ಮ ಭಾವನೂ ಆ ರಜೆ ಹಾಕಿದ್ರು. ಪುಟ್ಟಿಗೆ ಜಡೆ ಹಾಕೋದು ಅಕ್ಕನಿಗಿಂತ ಅವರಿಗೇ ಚೆನ್ನಾಗಿ ಬರುತ್ತೆ.

‘ಎರಡು ಬಿಟ್ರೆ ಸರಿಹೋಗ್ತಾಳೆ’ ಅಂದವರಿಗೆ: ಮನೆಯಲ್ಲೂ ಮಕ್ಕಳಿಗೆ ಹೊಡೆಯಬಾರದು ಅಂತ ಜಗತ್ತಲ್ಲಿ ಮೊದಲು ಕಾನೂನು ಮಾಡಿದ ದೇಶ ಸ್ವೀಡನ್, 1979ರಲ್ಲಿ. ಅದರ ಹಿಂದಿನ ವರ್ಷ ಆಸ್ಟ್ರಿಡ್ ಲಿಂಡ್ಗ್ರೆನ್ ಜರ್ಮನಿಯಲ್ಲಿ ಶಾಂತಿ ಪ್ರಶಸ್ತಿ ತಗೊಳ್ಳುವಾಗ ಮಾತಾಡಿದ್ದೂ ಇದನ್ನೇ, ಮಕ್ಕಳ ಮೇಲೆ ಹಿಂಸೆ ಬೇಡ ಅಂತ. ಅಂದ್ರೆ ಅದಕ್ಕೆ ಮುಂಚೆ ಅವರೂ ಹೊಡೀತಿದ್ರು. ಬಿಟ್ರು. ಬಿಡೋಕೆ ಆಗುತ್ತೆ ಅನ್ನೋದೇ ನಾನು ಹೇಳ್ತಾ ಇರೋದು.

6/8
ಈಗ ನಿಮ್ಮ ಕಡೆಯ ವಾದ. ನ್ಯಾಯವಾಗಿ ಹೇಳಬೇಕಲ್ಲ.

ಒಂದು, ದುಡ್ಡು. ಒಪ್ತೀನಿ. ಫ್ಲೈಟ್ ಟಿಕೆಟ್ ಅಕ್ಕ ಕೊಡಿಸಿದ್ದು, ನನ್ನ ಸೇವಿಂಗ್ಸಲ್ಲಿ ವೀಸಾ ಫೀಸೂ ಹುಟ್ಟಲ್ಲ. ಆದ್ರೆ ಪುಟ್ಟಿಗೆ ಹಿಡಿಸಿದ್ದರಲ್ಲಿ ಯೂನಿಬಾಕೆನ್ ಒಂದು ಬಿಟ್ರೆ ಉಳಿದದ್ದಕ್ಕೆ ಖರ್ಚೇ ಇಲ್ಲ. ಆಟದ ಪಾರ್ಕ್ ಫ್ರೀ. ಬಳ್ಳಿ ಎಣಿಸೋದು ಫ್ರೀ. ಚಿಕ್ಕ ಮಕ್ಕಳಿಗೆ ದೊಡ್ಡವರ ಜೊತೆ ಬಸ್ಸು, ಮೆಟ್ರೋ, ಆ ಫೆರ್ರಿ ಎಲ್ಲಾ ಫ್ರೀ.

ಎರಡು, ಅಲ್ಲಿ ಎಲ್ಲಾ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಪುಟ್ಟಿ ನೆಲದಲ್ಲಿ ಅಳ್ತಾ ಇದ್ದಾಗ ಒಬ್ಬರೂ ಹತ್ತಿರ ಬರಲಿಲ್ಲ. ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ, ಸರಿ. ಆದ್ರೆ ‘ಬಾ ಕಂದ’ ಅಂತ ಎತ್ಕೊಳ್ಳೋರೂ ಇಲ್ಲ. ನಮ್ಮ ಶಿವಮೊಗ್ಗ ಬಸ್ಸಲ್ಲಿ ಗಾಡಿಗೆ ಜಾಗ ಇಲ್ಲ, ಮಗುಗೆ ಮಾತ್ರ ಯಾವುದೋ ಆಂಟಿಯ ಮಡಿಲು ಗ್ಯಾರಂಟಿ. ಅಕ್ಕನಿಗೆ ಅಲ್ಲಿ ಅಮ್ಮನೂ ಇಲ್ಲ, ಅತ್ತೆನೂ ಇಲ್ಲ. ನವೆಂಬರಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾಗೋ ಊರಲ್ಲಿ ಕಾಯಿಲೆ ಮಗುನ ಇಟ್ಕೊಂಡು ಕೂತಿರ್ತಾಳೆ.

ಆದ್ರೆ ನಮ್ಮ ಅದೇ ಬಸ್ಸಿನ ಆಂಟಿ ಮಗುನ ಮಡಿಲಲ್ಲಿ ಕೂರಿಸ್ಕೊಂಡೇ ಕೇಳ್ತಾರೆ: ‘ಇಷ್ಟು ಚಿಕ್ಕ ಮಗು ಇಟ್ಕೊಂಡು ಯಾಕಮ್ಮ ಸುತ್ತಾಡ್ತೀಯ?’ ಕೇಳೋದು ಅಮ್ಮನನ್ನೇ, ಪಕ್ಕದಲ್ಲಿರೋ ಅಪ್ಪನನ್ನ ಅಲ್ಲ. ನನಗೆ ಅವರ ಬಸ್ಸೂ ಬೇಕು, ನಮ್ಮ ಆಂಟಿಯ ಮಡಿಲೂ ಬೇಕು. ಆ ಪ್ರಶ್ನೆ ಮಾತ್ರ ಬೇಡ.

7/8
ಈಗ ಸ್ಟೋರಿ ವಿಷಯ. ಇದು ಬರೆಯೋಕೆ ಕಷ್ಟ.

ಆ ದಿನ ರಾತ್ರಿ ಹೋಟೆಲಲ್ಲಿ ಪುಟ್ಟಿ ಮಲಗಿದ ಮೇಲೆ ಅಕ್ಕ ಫೋನ್ ನೋಡ್ತಾ ಇದ್ಲು. ನನ್ನ ಸ್ಟೋರಿ ನೋಡಿದ್ಲು. ಯಾರೋ ನೆಂಟರು ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೂ ಹಾಕಿದ್ರು, ಕೆಳಗೆ ‘ಮಗುನ ಬೆಳೆಸೋ ರೀತಿನಾ ಇದು’ ಅಂತ. ಅಕ್ಕ ಬೈಯಲಿಲ್ಲ. ಬೈದಿದ್ರೆ ನಾನೂ ತಿರುಗಿ ಏನೋ ಅಂದು ಮುಗೀತಿತ್ತು. ಫೋನ್ ಚಾರ್ಜಿಗೆ ಹಾಕಿ ಇಷ್ಟೇ ಅಂದ್ಲು: ‘ಇನ್ಮೇಲೆ ನಾವು ಎಲ್ಲೂ ಬರಲ್ಲ ಬಿಡು. ನೀನು ಭಾವನ ಜೊತೆ ನಾಳೆ ನೋಡ್ಕೊಂಡು ಬಾ, ನಾನು ರೂಮಲ್ಲೇ ಇರ್ತೀನಿ.’

ನಾಲ್ಕು ವರ್ಷ ಆದ್ಮೇಲೆ ಹೊರಗೆ ಕಾಲಿಟ್ಟವಳನ್ನ ಒಂದು ಸ್ಟೋರಿ ಹಾಕಿ ವಾಪಸ್ ರೂಮಿಗೆ ಕಳಿಸಿದ್ದೆ ನಾನು. ಹದಿನೈದು ಸೆಕೆಂಡಿನ ವಿಡಿಯೋ. ಡಿಲೀಟ್ ಮಾಡಿ, ಗ್ರೂಪಲ್ಲಿ ‘ತಪ್ಪು ನನ್ನದು, ಲಿಸ್ಟ್ ನನ್ನದು’ ಅಂತ ಬರೆದು, ಅಕ್ಕನ ಹತ್ತಿರ ಕೂತು ಎಷ್ಟೋ ಹೊತ್ತು ಮಾತಾಡಿದ ಮೇಲೆ ಎರಡನೇ ದಿನ ಅವಳು ಹೊರಟಿದ್ದು.

ಒಂದು ಪ್ರಶ್ನೆ ಕೇಳ್ತೀನಿ. ಸೆಮಿಸ್ಟರ್ ರಿಸಲ್ಟ್ ಬಂದ ದಿನ ಕಾರಿಡಾರಲ್ಲಿ ನಮ್ಮ ಕ್ಲಾಸಿನ ಎಷ್ಟು ಜನ ಅತ್ತಿದ್ದೀವಿ? ಅದನ್ನ ಯಾರಾದ್ರೂ ವಿಡಿಯೋ ಮಾಡಿ ತಮಾಷೆ ಕ್ಯಾಪ್ಷನ್ ಹಾಕಿದ್ರೆ ಸುಮ್ನಿರ್ತಿದ್ವಾ? ಪ್ರಿನ್ಸಿಪಾಲ್ ರೂಮಿಗೇ ಹೋಗ್ತಿದ್ವಿ. ಪುಟ್ಟಿಗೆ ಹೋಗೋಕೆ ಯಾವ ರೂಮಿದೆ? ‘ಹಾಕ್ಲಾ?’ ಅಂತ ಕೇಳಿದ್ರೆ ಉತ್ತರ ಕೊಡೋ ವಯಸ್ಸಲ್ಲ. ‘ಕ್ಯೂಟ್ ಆಗಿದೆ’ ಅನ್ನೋದು ಪರ್ಮಿಷನ್ ಅಲ್ಲ. ಅದಕ್ಕೇ ಈ ಸರಣಿಯಲ್ಲಿ ಬೆನ್ನು ಮಾತ್ರ. ಅದನ್ನೂ ಅಕ್ಕನನ್ನ ಕೇಳಿಯೇ ಹಾಕಿದ್ದು.

8/8
ಕೊನೇದು. ಮೊದಲನೇ ಫೋಟೋದಲ್ಲಿ ಪುಟ್ಟಿ ಬಗ್ಗಿ ನೋಡ್ತಾ ಇರೋದು ಏನು ಅಂತ ಕೇಳಿದ್ರಿ.

ಗಮ್ಲಾ ಸ್ತಾನ್‌ನಲ್ಲಿ ಅರಮನೆ ಹತ್ತಿರ ಫಿನ್ನಿಶ್ ಚರ್ಚಿನ ಹಿಂದೆ ಒಂದು ಸಣ್ಣ ಅಂಗಳ ಇದೆ. ಅಲ್ಲಿ ಕಬ್ಬಿಣದ ಹುಡುಗ ಒಬ್ಬ ಮಂಡಿ ಮೇಲೆ ಕೈ ಕಟ್ಟಿ ಕೂತು ಚಂದ್ರನನ್ನ ನೋಡ್ತಾನೆ. ಎತ್ತರ 15 ಸೆಂಟಿಮೀಟರ್ ಅಷ್ಟೇ, ನಮ್ಮ ಸ್ಕೂಲ್ ಸ್ಕೇಲಿನಷ್ಟು. ಮಾಡಿದ್ದು ಲಿಸ್ ಎರಿಕ್ಸನ್ ಅನ್ನೋ ಶಿಲ್ಪಿ. ಚಳಿಗಾಲದಲ್ಲಿ ಯಾರ್ಯಾರೋ ಅವನಿಗೆ ಟೋಪಿ, ಮಫ್ಲರ್ ಹೆಣೆದು ಹಾಕಿ ಹೋಗ್ತಾರಂತೆ. ಮೊದಲನೇ ದಿನ ಅದೇ ಬೀದಿಯಲ್ಲಿ ನಾವು ಮೂರು ಜನ ಫೋನ್ ಹಿಡ್ಕೊಂಡು ಅರಮನೆ ಕಡೆ ಓಡಿದ್ವಿ, ಕಾಣಲಿಲ್ಲ. ಮೂರನೇ ದಿನ ನಿಧಾನಕ್ಕೆ ಹೋದಾಗ ಪುಟ್ಟಿ ಹುಡುಕಿದ್ಲು. ‘ಚಿಕ್ಕಿ, ಇವನು ನನಗಿಂತ ಚಿಕ್ಕವನು!’ ಅಂತ ಕೂಗಿದ್ಲು. ತನ್ನ ಕ್ಲಿಪ್ ಒಂದನ್ನ ತೆಗೆದು ಅವನ ಪಕ್ಕ ಇಟ್ಟು ಬಂದ್ಲು. ಆ ಊರಲ್ಲಿ ನಮ್ಮ ನಾಲ್ಕು ಜನರಿಗೂ ನೆನಪಲ್ಲಿ ಉಳಿದಿರೋದು ಅದು.

ನೀವು ಮಾಡಬೇಕಾದ್ದು ಮೂರೇ. ಮನೆಯವರ ಜೊತೆ ಮುಂದಿನ ಸಲ ಹೊರಟಾಗ, ಸ್ವೀಡನ್ನೇ ಆಗ್ಬೇಕಿಲ್ಲ, ಜೋಗಕ್ಕೇ ಹೊರಡಿ, ಮಗುವಿನ ಊಟ ನಿದ್ದೆ ಹೊತ್ತನ್ನ ಮೊದಲು ಬರೆದು ಆಮೇಲೆ ಜಾಗಗಳನ್ನ ಬರೀರಿ. ಅಳ್ತಾ ಇರೋ ಮಗು ಕಂಡ್ರೆ ಫೋನ್ ಒಳಗಿಡಿ, ಬ್ಯಾಗ್ ಹಿಡ್ಕೊಳ್ಳಿ, ಅಕ್ಕನಿಗೋ ಅತ್ತಿಗೆಗೋ ಒಂದು ಕೈ ಆಗುತ್ತೆ. ಮತ್ತೆ, ಆ ಸ್ಟೋರಿಯನ್ನ ಸ್ಕ್ರೀನ್ ರೆಕಾರ್ಡ್ ಮಾಡ್ಕೊಂಡಿರೋರು ನಮ್ಮ ಕ್ಲಾಸಲ್ಲೇ ಇಬ್ಬರು ಇದ್ದೀರ ಅಂತ ನನಗೆ ಗೊತ್ತು. ಇವತ್ತೇ ಡಿಲೀಟ್ ಮಾಡಿ, ಮಾಡಿದ ಮೇಲೆ ನನಗೊಂದು ಮೆಸೇಜ್ ಹಾಕಿ. ಜಗಳ ಆಡಬೇಕು ಅನ್ನೋರು ಕಮೆಂಟಲ್ಲಿ ಬನ್ನಿ, ಇಲ್ಲೇ ಇರ್ತೀನಿ.

#ಸ್ಟಾಕ್‌ಹೋಮ್ #ಲಿಸ್ಟ್_ಹರಿದುಹಾಕಿ #ಪುಟ್ಟಿ_ಹೇಳಿದ್ದೇ_ಸರಿ