ಏನೂ ಮಾಡದ ಪದಕ

ಬೆಟ್ಟ ಅಗೆದು ಇಲಿ ಹಿಡಿದವರ ಮಾತು ಎಲ್ಲರೂ ಕೇಳಿದ್ದೇ. ಬೆಟ್ಟವನ್ನೆಲ್ಲ ಅಗೆದರೂ ಇಲಿ ಸಹ ಸಿಕ್ಕದೆ ಹೋದವರ ಕಥೆಯೊಂದು ಜಪಾನಿನ ವೀಡಿಯೊ ಆಟವೊಂದರ ಸುತ್ತ ನಡೆದಿದೆ.

ಆಟದ ಹೆಸರು ‘ಡಾರ್ಕ್ ಸೋಲ್ಸ್’. ಟೋಕಿಯೋದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2011ರ ಸೆಪ್ಟೆಂಬರಿನಲ್ಲಿ ಅದನ್ನು ಹೊರತಂದಿತು. ನಿರ್ದೇಶಕರು ಹಿಡೆಟಾಕ ಮಿಯಾಝಾಕಿ. ಆರುತ್ತಿರುವ ಆದಿಮ ಅಗ್ನಿ, ಪಾಳುಬಿದ್ದ ದೇವನಗರಿ, ಸಾಯಲಾರದೆ ಅಲೆಯುವ ಶಾಪಗ್ರಸ್ತರು: ಇದು ಅದರ ಲೋಕ. ಆ ಲೋಕದ ಪುರಾಣವನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಕತ್ತಿಯೋ ಉಂಗುರವೋ ಕೈಗೆ ಬಂದಾಗ ಅದರ ಜೊತೆಗೆ ಎರಡು ಮೂರು ಸಾಲಿನ ವಿವರಣೆ ದೊರೆಯುತ್ತದೆ. ಆ ಚೂರುಗಳನ್ನು ಜೋಡಿಸಿಕೊಳ್ಳುವುದು ಆಟಗಾರನ ಕೆಲಸ.

ಆಟದ ಆರಂಭದಲ್ಲಿಯೇ ಒಂದು ಉಡುಗೊರೆಯನ್ನು ಆರಿಸಿಕೊಳ್ಳಬಹುದು. ಅನೇಕ ಬಾಗಿಲುಗಳನ್ನು ತೆರೆಯುವ ಕೀಲಿಕೈ, ದುರ್ಬೀನು, ಸಿಡಿಗುಂಡು ಮೊದಲಾದವುಗಳ ನಡುವೆ ಒಂದು ಪುಟ್ಟ ಪದಕವೂ ಇದೆ. ಅದರಿಂದ ಪ್ರಯೋಜನವೇನೂ ಇಲ್ಲ, ಸವಿನೆನಪು ದಾರಿಗನಿಗೆ ಸಮಾಧಾನ ನೀಡೀತು ಎಂದು ವಿವರಣೆಯೇ ಒಪ್ಪಿಕೊಳ್ಳುತ್ತದೆ. ಆದರೆ, ಯಾವುದನ್ನು ಆರಿಸಬೇಕೆಂದು ಕೇಳಿದವರಿಗೆ ಮಿಯಾಝಾಕಿಯವರು ಕೊಟ್ಟ ಸಲಹೆ ವಿಚಿತ್ರವಾಗಿತ್ತು: ಪದಕವನ್ನು ಕೊಳ್ಳಿ, ಇಲ್ಲವೇ ಏನನ್ನೂ ಕೊಳ್ಳಬೇಡಿ.

ಅಷ್ಟು ಸಾಕಾಯಿತು. ಊಹೆಗಳ ಮಳೆ ಸುರಿಯಿತು. ಗುಪ್ತ ದ್ವಾರವೊಂದಕ್ಕೆ ಇದೇ ಕೀಲಿ ಎಂದರು ಕೆಲವರು. ಯಾರೋ ಒಬ್ಬರಿಗೆ ತೋರಿಸಬೇಕಾದ ಗುರುತು ಎಂದರು ಇನ್ನು ಕೆಲವರು. ಆಟದ ಕೊನೆಯವರೆಗೂ ಅದನ್ನು ಹೊತ್ತೊಯ್ದವರೂ ಉಂಟು.

ಈ ನಂಬಿಕೆ ಬರಿಯ ಮೌಢ್ಯವಾಗಿರಲಿಲ್ಲ. ಉಡುಗೊರೆಗಳ ಸಾಲಿನಲ್ಲಿಯೇ ಮುದಿ ಮಾಟಗಾತಿಯ ಉಂಗುರವೊಂದಿದೆ. ಮೇಲುನೋಟಕ್ಕೆ ಅದಕ್ಕೂ ಶಕ್ತಿಯಿಲ್ಲ. ಆದರೆ ಅದನ್ನು ತೊಟ್ಟು ನೆಲದಾಳಕ್ಕೆ ಇಳಿದವನಿಗೆ, ಅಲ್ಲಿ ನರಳುತ್ತಿರುವ ಜೇಡರೂಪದ ಹೆಣ್ಣೊಬ್ಬಳ ಮಾತು ಅರ್ಥವಾಗುತ್ತದೆ, ಉಳಿದವರಿಗೆ ಆಗುವುದಿಲ್ಲ. ಮೊದಲ ಸೆರೆಕೋಣೆಗೆ ಮರಳಿ ಹೋದವನಿಗೆ ಒಂದು ಗೊಂಬೆ ಸಿಗುತ್ತದೆ. ಅದು ಜೊತೆಯಲ್ಲಿದ್ದರೆ ದೇವನಗರಿಯ ಬೃಹತ್ ಚಿತ್ರಪಟವೊಂದು ಅವನನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಉಂಗುರಕ್ಕೂ ಗೊಂಬೆಗೂ ಗುಟ್ಟಿರುವಾಗ ಪದಕಕ್ಕೆ ಮಾತ್ರ ಏಕಿರಬಾರದು?

2012ರಲ್ಲಿ ಆಟಕ್ಕೆ ಹೊಸ ಅಧ್ಯಾಯ ಸೇರಿತು. ಅದರ ಬಾಗಿಲು ತೆರೆಯಲು ಮುರಿದ ಪದಕವೊಂದು ಬೇಕು! ಆಸೆ ಚಿಗುರಿತು. ಆದರೆ ಅದು ಬೇರೆಯೇ ಪದಕ. ಉಡುಗೊರೆಯ ಪದಕ ಎಂದಿನಂತೆ ಮೌನವಾಗಿಯೇ ಉಳಿಯಿತು. ಅದೇ ವರ್ಷ ಮಿಯಾಝಾಕಿಯವರು ನಿಜವನ್ನು ಹೇಳಿಬಿಟ್ಟರು. ತಮ್ಮ ಸಲಹೆ ಒಂದು ಕುಚೇಷ್ಟೆಯಾಗಿತ್ತು, ಪದಕದಲ್ಲಿ ಗುಟ್ಟೇನೂ ಇಲ್ಲ!

ಇದು ಮೋಸವೇ? ಕೆಲವರಿಗೆ ಹಾಗೆ ತೋರಿದರೆ ತಪ್ಪಲ್ಲ. ಉಪಯೋಗವಾಗುವ ಕೀಲಿಕೈಯನ್ನು ಬಿಟ್ಟು ಪದಕವನ್ನು ಕೊಂಡವನು, ಉತ್ತರ ಬಲ್ಲವರ ಮಾತನ್ನು ನಂಬಿಯೇ ಹಾಗೆ ಮಾಡಿದ್ದ. ಕಳೆದ ಹೊತ್ತನ್ನು ಯಾರೂ ಮರಳಿ ಕೊಡಲಾರರು. ಆದರೆ ಆ ಸಲಹೆಯನ್ನು ಮತ್ತೊಮ್ಮೆ ಓದಿದರೆ ನಗು ಬರುತ್ತದೆ. ಪದಕ, ಇಲ್ಲವೇ ಏನೂ ಬೇಡ: ಅಂದರೆ ಎರಡೂ ಒಂದೇ! ಉತ್ತರ ಪ್ರಶ್ನೆಯ ಜೊತೆಗೇ ಇತ್ತು. ಪದಕದ ವಿವರಣೆಯೂ ಸುಳ್ಳಾಡಿರಲಿಲ್ಲ. ಸರಳವಾದ ಸತ್ಯವನ್ನು ನಂಬಲು ಯಾರಿಗೂ ಮನಸ್ಸಾಗಲಿಲ್ಲ, ಅಷ್ಟೆ.

ಮಿಯಾಝಾಕಿಯವರ ಬಾಲ್ಯದ ಸಂಗತಿಯೊಂದು ಇಲ್ಲಿ ನೆನಪಿಗೆ ಬರುತ್ತದೆ. ಬಡತನದ ಮನೆಯ ಆ ಹುಡುಗ ಗ್ರಂಥಾಲಯದಿಂದ ತನ್ನ ವಯಸ್ಸಿಗೆ ಮೀರಿದ ಪುಸ್ತಕಗಳನ್ನು ತಂದು ಓದುತ್ತಿದ್ದ. ಅರ್ಥವಾಗದ ಕಡೆಗಳಲ್ಲಿ ಚಿತ್ರಗಳನ್ನು ನೋಡಿ ತನ್ನದೇ ಕಥೆಯನ್ನು ತುಂಬಿಕೊಳ್ಳುತ್ತಿದ್ದ. ದೊಡ್ಡವನಾದ ಮೇಲೆ ಅದೇ ಸುಖವನ್ನು ಇತರರಿಗೆ ಹಂಚಲೆಂದು ತನ್ನ ಆಟಗಳಲ್ಲಿ ಬೇಕೆಂದೇ ಖಾಲಿ ಜಾಗಗಳನ್ನು ಉಳಿಸಿದ. ಪದಕ ಅಂಥ ಖಾಲಿ ಜಾಗಗಳಲ್ಲಿ ಅತ್ಯಂತ ಚಿಕ್ಕದು. ಅದನ್ನು ತುಂಬಿದ ಊಹೆಗಳೆಲ್ಲ ಆಟಗಾರರ ಸ್ವಂತ ಆಸ್ತಿ.

ಇಷ್ಟು ವರ್ಷಗಳ ಮೇಲೆ ಆ ಹುಡುಕಾಟವನ್ನು ನೆನೆದು ತಮ್ಮಷ್ಟಕ್ಕೆ ನಗುವವರಿದ್ದಾರೆ. ಸವಿನೆನಪು ದಾರಿಗನಿಗೆ ಸಮಾಧಾನ ನೀಡೀತು ಎಂದಲ್ಲವೇ ಪದಕ ಹೇಳಿದ್ದು? ಮಾತನ್ನು ಅದು ಉಳಿಸಿಕೊಂಡಿದೆ.