ಗೃಹವಿಚಾರ: ಕವಡೆ, ಶಂಖ, ಚಿಪ್ಪು

ಹಾಸನದವರು ಸಮುದ್ರವನ್ನು ಕಾಣಬೇಕಾದರೆ ಘಟ್ಟವಿಳಿಯಬೇಕು. ಆದರೂ ನಮ್ಮ ಸೀಮೆಯ ಮನೆಗಳಲ್ಲಿ ಸಮುದ್ರದ ವಸ್ತುಗಳಿಗೆ ಕೊರತೆಯಿಲ್ಲ. ದೇವರ ಮಂಟಪದಲ್ಲಿ ಶಂಖ, ಚೌಕಾಬಾರದ ಮಣೆಯ ಬಳಿ ನಾಲ್ಕು ಕವಡೆ, ಹಳೆಯ ಅಂಗಿಯಲ್ಲಿ ಚಿಪ್ಪಿನ ಗುಂಡಿ ಇರುವುದುಂಟು. ಇವುಗಳ ಗುಣವನ್ನರಿಯದೆ ಕೆಲವರು ಒಳ್ಳೆಯದನ್ನು ಕೆಡಿಸುತ್ತಾರೆ. ಕೆಲವರು ಹುಸಿಯಾದುದಕ್ಕೆ ಹಣ ತೆರುತ್ತಾರೆ. ಆದಕಾರಣ ಈ ತಿಂಗಳು ಇವುಗಳ ವಿಚಾರವನ್ನು ಗೃಹಿಣಿಯರ ಮುಂದಿಡುತ್ತೇವೆ.

ಕವಡೆಗಳಲ್ಲಿ ನಮಗೆ ಪರಿಚಿತವಾದವು ಎರಡು ಬಗೆ. ಒಂದು ಹಳದಿ ಬೆರೆತ ಬಿಳುಪಿನದು, ಅಂಚಿನಲ್ಲಿ ಗಂಟುಗಳುಳ್ಳದ್ದು. ಇನ್ನೊಂದು ಬೆನ್ನಿನ ಮೇಲೆ ಹೊಂಬಣ್ಣದ ಉಂಗುರವುಳ್ಳದ್ದು. ಮೊದಲನೆಯದು ಮಾಲ್ಡೀವ್ಸ್ ದ್ವೀಪಗಳಿಂದ ಹಡಗುಗಳಲ್ಲಿ ಬಂದು ಶತಮಾನಗಳ ಕಾಲ ಚಿಲ್ಲರೆ ನಾಣ್ಯವಾಗಿ ನಡೆಯಿತು. 'ಕವಡೆ ಕಾಸಿನ ಬೆಲೆಯಿಲ್ಲ' ಎಂಬ ನಮ್ಮ ಮಾತು ಆ ಕಾಲದ ಗುರುತು. ಉಬ್ಬಿದ ಬೆನ್ನನ್ನು ತೇಯ್ದು ತೆಗೆದರೆ ಕವಡೆಯು ಬಟ್ಟೆಯ ಮೇಲೆ ಸಮನಾಗಿ ಕೂರುವುದು, ದಾರವೂ ಸುಲಭವಾಗಿ ಹಾಯುವುದು. ಲಂಬಾಣಿ ಸ್ತ್ರೀಯರ ಉಡುಪಿನ ಕವಡೆಗೆಲಸ ಇಂಥದು; ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅರಕಲಗೂಡು, ಹೊಳೆನರಸೀಪುರಗಳ ಕಡೆ ಅಟ್ಟದ ಮೇಲೆ ಎತ್ತಿನ ಕೊರಳ ಕವಡೆಸರವಿದ್ದರೆ, ಅದನ್ನು ಕಸವೆಂದು ಎಸೆಯದೆ ಬಾಗಿಲ ತೋರಣಕ್ಕೆ ಪೋಣಿಸಿಕೊಳ್ಳಬಹುದು.

ಶಂಖದ ಮಾತು ಬೇರೆ. ನಾವು ಪೂಜೆಗಿಡುವ ಬಿಳಿಯ ಶಂಖವು ಮುಖ್ಯವಾಗಿ ಮನ್ನಾರ್ ಕೊಲ್ಲಿಯ ಕಡೆಯದು. ಬಂಗಾಳದ ಮುತ್ತೈದೆಯರ ಬಳೆಗಳನ್ನು ಕೊಯ್ಯುವುದೂ ಇದರಿಂದಲೇ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಾವುಂಡರಾಯ ಬಸದಿಯಲ್ಲಿ ನೆಲೆಸಿದ ನೇಮಿನಾಥ ತೀರ್ಥಂಕರರ ಲಾಂಛನವೂ ಶಂಖವೇ.

ಬಲಮುರಿ ಶಂಖವು ಅತ್ಯಂತ ವಿರಳವಾದುದು. ಅದರ ಬೆಲೆಯೂ ಹಾಗೆಯೇ. ಮೋಸಕ್ಕೆ ಎಡೆಯಾಗುವುದು ಇಲ್ಲಿಯೇ. ಅಮೆರಿಕದ ಕಡಲ ತೀರದಲ್ಲಿ ಇನ್ನೊಂದು ಜಾತಿಯ ಶಂಬೂಕವಿದೆ. ಅದರ ಸುರುಳಿ ಸಹಜವಾಗಿಯೇ ಹಾಗೆ ತಿರುಗಿರುತ್ತದೆ. ಅದನ್ನೇ ಬಲಮುರಿಯೆಂದು ಮಾರುವವರುಂಟು. ಗುರುತು ಸುಲಭ: ನಿಜವಾದ ಶಂಖದ ಬಾಯೊಳಗೆ, ನಡುದಿಂಡಿನ ಮೇಲೆ, ಮೂರು ನಾಲ್ಕು ಅಡ್ಡ ಮಡಿಕೆಗಳಿರುತ್ತವೆ; ಆ ಪರದೇಶದ ಶಂಬೂಕದಲ್ಲಿ ಇವಿಲ್ಲ. ಹಣ ಬಿಚ್ಚುವ ಮುನ್ನ ಬೆರಳಿಟ್ಟು ನೋಡತಕ್ಕದ್ದು.

ಗುಂಡಿ, ಓಲೆ, ಪದಕಗಳಿಗೆ ಮುತ್ತಿನ ಚಿಪ್ಪು ಒದಗುತ್ತದೆ. ನಿಜವಾದ ಚಿಪ್ಪು ಕೆನ್ನೆಗೆ ತಾಗಿದರೆ ತಣ್ಣಗಿರುವುದು, ಪ್ಲಾಸ್ಟಿಕ್ಕಿನದು ಹಾಗಿರದು.

ಇನ್ನು ಶುಚಿಯ ಮಾತು. ಹಿತ್ತಾಳೆ ಪಾತ್ರೆಗಳ ಜೊತೆಗೆ ಶಂಖವನ್ನೂ ಹುಣಸೆಹಣ್ಣಿನಿಂದ ಉಜ್ಜುವ ರೂಢಿ ಕೆಲವು ಮನೆಗಳಲ್ಲುಂಟು. ಇದು ಸಲ್ಲದು. ಇವೆಲ್ಲದರ ಮೈ ಸುಣ್ಣದ ಅಂಶದ್ದು; ಹುಣಸೆ, ನಿಂಬೆಗಳ ಹುಳಿ ಅದನ್ನು ಕರಗಿಸಿ ಹೊಳಪನ್ನು ತಿನ್ನುತ್ತದೆ. ಉಗುರುಬೆಚ್ಚನೆಯ ನೀರು, ತುಸು ಸಾಬೂನು, ಮೆತ್ತನೆಯ ಬಟ್ಟೆ ಇಷ್ಟೇ ಸಾಕು.

ಕೊನೆಯದಾಗಿ ಒಂದು ಎಚ್ಚರಿಕೆ. ಇವುಗಳಲ್ಲಿ ಪ್ರತಿಯೊಂದೂ ಒಂದು ಪ್ರಾಣಿಯ ಮನೆಯಾಗಿದ್ದುದು. ಅಂದದ ಆಸೆಗೆ ಕೆಲವು ಜಾತಿಗಳು ಅಳಿಯುವಂತಾದುದರಿಂದ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ 2001ರಲ್ಲಿ ನಾಟಿಲಸ್, ದೈತ್ಯ ಚಿಪ್ಪು, ಗುಂಡಿಗಳಿಗೆ ಬಳಸುವ ಟ್ರೋಕಸ್ ಮೊದಲಾದವನ್ನು ಸೇರಿಸಿದರು. ಯಾತ್ರೆಗೆ ಹೋದಲ್ಲಿ ಬೀದಿಯಂಗಡಿಯ ದೊಡ್ಡ ಚಿಪ್ಪಿಗೆ ಮನಸೋತು ಕೊಳ್ಳದಿರುವುದೇ ಲೇಸು. ಅಜ್ಜಿಯ ಪೆಟ್ಟಿಗೆಯಲ್ಲಿರುವ ಕವಡೆಗಳನ್ನು ತೊಳೆದು ಮಕ್ಕಳ ಕೈಗೆ ಕೊಟ್ಟು ಒಂದು ಸಂಜೆ ಚೌಕಾಬಾರ ಆಡಿಸಿದರೆ, ಕಾಸೂ ಖರ್ಚಾಗದು, ಜೀವಹಾನಿಯೂ ಆಗದು.